ಅಮೆರಿಕದ ಹೈಸ್ಕೂಲು ಬ್ಯಾಸ್ಕೆಟ್‌ಬಾಲ್: ಶಾಲಾ ವರ್ಗಾವಣೆ ಮತ್ತು ಖಾಸಗಿ ಶಾಲಾ ಪ್ರವೇಶ

ಹೈಸ್ಕೂಲು ಬ್ಯಾಸ್ಕೆಟ್‌ಬಾಲ್ ವರ್ಗಾವಣೆ ಎಂದರೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಆಟಗಾರ ವಿದ್ಯಾರ್ಥಿಯೊಬ್ಬ ಒಂದು ಶಾಲೆ ಬಿಟ್ಟು ಇನ್ನೊಂದಕ್ಕೆ ಸೇರಿದಾಗ, ಹೊಸ ಶಾಲೆಯ ತಂಡದಲ್ಲಿ ಆಡುವ ಅರ್ಹತೆ ಅವನಿಗೆ ಉಂಟೇ ಇಲ್ಲವೇ ಎಂದು ನಿರ್ಧರಿಸುವ ನಿಯಮ ಮತ್ತು ರೂಢಿಗಳ ವ್ಯವಸ್ಥೆ. ಅದಕ್ಕೆ ಅಂಟಿಕೊಂಡೇ ಇರುವುದು ಖಾಸಗಿ ಶಾಲೆಗಳು ಆಟಗಾರರನ್ನು ಸೇರಿಸಿಕೊಳ್ಳುವ ಪದ್ಧತಿ. ಅಲ್ಲಿಯ ಹೈಸ್ಕೂಲು ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ನಾಲ್ಕು ವರ್ಷಗಳದು; ನಮ್ಮ ಲೆಕ್ಕದಲ್ಲಿ ಪ್ರೌಢಶಾಲೆಯ ಕೊನೆಯ ಎರಡು ವರ್ಷ ಮತ್ತು ಪಿಯುಸಿ ಸೇರಿದಷ್ಟು. ಅಲ್ಲಿ 'ಪಬ್ಲಿಕ್ ಸ್ಕೂಲ್' ಎಂದರೆ ತೆರಿಗೆ ಹಣದಲ್ಲಿ ನಡೆಯುವ ಉಚಿತ ಶಾಲೆ. ನಮ್ಮಲ್ಲಿ ಆ ಹೆಸರಿನ ಬೋರ್ಡು ಹಾಕಿಕೊಂಡ ಶಾಲೆಗಳು ಬಹುಪಾಲು ಖಾಸಗಿಯವಾದ್ದರಿಂದ, ಈ ಲೇಖನದಲ್ಲಿ ಅದನ್ನು ಸರ್ಕಾರಿ ಶಾಲೆ ಎಂದೇ ಕರೆಯಲಾಗಿದೆ. ಶಾಲೆಯೊಂದಕ್ಕೆ ಗೊತ್ತುಮಾಡಿದ ಬಡಾವಣೆಗಳ ಗಡಿಯನ್ನು 'ಹಾಜರಾತಿ ವ್ಯಾಪ್ತಿ' ಎಂದೂ, ವರ್ಗಾವಣೆಯ ನಂತರ ಆಡದೆ ಕೂರಬೇಕಾದ ಕಾಲವನ್ನು 'ಕಾಯುವ ಅವಧಿ' ಎಂದೂ ಹೇಳಲಾಗಿದೆ.

ವರ್ಗಾವಣೆ ಮತ್ತು ಪ್ರವೇಶ ಎರಡು ಬೇರೆ ವಿಷಯಗಳೆಂದು ನಿಯಮ ಪುಸ್ತಕಗಳು ಬಗೆಯುತ್ತವೆ. ಆದರೆ ಎರಡರಲ್ಲೂ ನಡೆಯುವುದು ಒಂದೇ: ಪ್ರತಿಭಾವಂತ ಬಾಲಕನೊಬ್ಬ ತನ್ನ ಬೀದಿಯ ಶಾಲೆ ಬಿಟ್ಟು, ಆಟ ಚೆನ್ನಾಗಿರುವ ಶಾಲೆಗೆ ಹೋಗುವುದು. ಒಂಬತ್ತನೆಯ ತರಗತಿಯ ಮೊದಲ ದಿನ ಹೋದರೆ ಅದು ಪ್ರವೇಶ, ಹತ್ತರಲ್ಲಿ ಹೋದರೆ ವರ್ಗಾವಣೆ. ಮೊದಲನೆಯದಕ್ಕೆ ಅಡ್ಡಿಯಿಲ್ಲ, ಎರಡನೆಯದಕ್ಕೆ ಶಿಕ್ಷೆಯುಂಟು. ಈ ವ್ಯವಸ್ಥೆ ಹುಡುಗನ ಉದ್ದೇಶವನ್ನು ಅಳೆಯುತ್ತೇನೆಂದು ಹೇಳಿಕೊಂಡರೂ ವಾಸ್ತವದಲ್ಲಿ ಅಳೆಯುವುದು ತಾರೀಖನ್ನು ಮತ್ತು ವಿಳಾಸವನ್ನು. ಅದರ ಭಾರ ಕರೆದ ಹಿರಿಯರಿಗಿಂತ ಹೆಚ್ಚಾಗಿ ಹೋದ ಮಕ್ಕಳ ಮೇಲೆ, ಅದರಲ್ಲೂ ಹಣವಿಲ್ಲದ ಮನೆಯ ಮಕ್ಕಳ ಮೇಲೆ ಬೀಳುತ್ತದೆ. ವ್ಯವಸ್ಥೆಯ ಇತಿಹಾಸವೂ ಇಂದಿನ ಸ್ಥಿತಿಯೂ ಇದನ್ನೇ ತೋರಿಸುತ್ತವೆ.

ಮೂಲ

ಜೇಮ್ಸ್ ನೈಸ್ಮಿತ್ 1891ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ ರೂಪಿಸಿದ ಈ ಆಟಕ್ಕೆ ಬೇಕಾದದ್ದು ಒಂದು ಚೆಂಡು, ಎರಡು ಬುಟ್ಟಿ, ಚಳಿಗಾಲದಲ್ಲಿ ತಲೆಯ ಮೇಲೊಂದು ಸೂರು. ಹಳ್ಳಿಯ ಶಾಲೆಗೂ ಅದು ಎಟುಕಿತು. ಅಂಕಣದಲ್ಲಿ ಒಂದು ಬದಿಗೆ ಐವರೇ ಇರುವುದರಿಂದ ಒಬ್ಬನೇ ಒಬ್ಬ ಎತ್ತರದ, ಚುರುಕಾದ ಹುಡುಗ ಬಂದರೂ ತಂಡದ ಹಣೆಬರಹ ಬದಲಾಗುತ್ತದೆ. ಹನ್ನೊಂದು ಮಂದಿಯ ಅಮೆರಿಕನ್ ಫುಟ್‌ಬಾಲಿನಲ್ಲಿ ಒಬ್ಬನಿಂದ ಅಷ್ಟು ಬದಲಾವಣೆ ಕಷ್ಟ. ವರ್ಗಾವಣೆಯ ಜಗಳ ಬ್ಯಾಸ್ಕೆಟ್‌ಬಾಲಿನಲ್ಲಿ ಇಷ್ಟು ತೀವ್ರವಾಗಿರುವುದಕ್ಕೆ ಮೂಲ ಕಾರಣ ಆಟದ ಈ ಗಣಿತ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಶಾಲಾ ತಂಡಗಳನ್ನು ಹೊರಗಿನವರು ಬಳಸಿಕೊಳ್ಳುವುದು ಹೆಚ್ಚಾಯಿತು. ಷಿಕಾಗೊ ವಿಶ್ವವಿದ್ಯಾಲಯದ ಅಮೋಸ್ ಅಲೊಂಜೊ ಸ್ಟ್ಯಾಗ್ 1917ರಿಂದ 1930ರವರೆಗೆ ದೇಶದ ನಾನಾ ಕಡೆಯ ಹೈಸ್ಕೂಲು ತಂಡಗಳನ್ನು ಕರೆಸಿ ರಾಷ್ಟ್ರೀಯ ಪಂದ್ಯಾವಳಿ ನಡೆಸಿದರು. ಕಾಲೇಜು, ಕ್ಲಬ್ಬುಗಳು ಶಾಲಾ ಮಕ್ಕಳ ಆಟವನ್ನು ತಮ್ಮ ಹಿಡಿತಕ್ಕೆ ತೆಗೆದುಕೊಳ್ಳುತ್ತವೆ ಎಂಬ ಆತಂಕದಿಂದ 1920ರಲ್ಲಿ ಇಲಿನಾಯ್, ಇಂಡಿಯಾನಾ, ಅಯೋವಾ, ಮಿಷಿಗನ್ ಮತ್ತು ವಿಸ್ಕಾನ್ಸಿನ್ ರಾಜ್ಯಗಳ ಶಾಲಾ ಕ್ರೀಡಾ ಸಂಘಗಳು ಒಂದುಗೂಡಿದವು. ಇಂದಿನ ರಾಷ್ಟ್ರೀಯ ಹೈಸ್ಕೂಲು ಸಂಘಗಳ ಒಕ್ಕೂಟ ಬೆಳೆದದ್ದು ಆ ಸಭೆಯಿಂದ. ಶಾಲೆಯ ಆಟ ಶಾಲೆಯ ಊರಿನದು, ಆಡುವವರು ಆ ಊರಿನ ಮಕ್ಕಳು ಎಂಬ ಕಲ್ಪನೆ ಆಗ ಗಟ್ಟಿಯಾಯಿತು.

ಆ ಕಲ್ಪನೆಗೆ ಜನ ಇಂದಿಗೂ ಕೊಡುವ ಉದಾಹರಣೆ ಇಂಡಿಯಾನಾದ ಮೈಲನ್. 161 ವಿದ್ಯಾರ್ಥಿಗಳಿದ್ದ ಆ ಪುಟ್ಟ ಊರಿನ ಶಾಲೆ 1954ರ ರಾಜ್ಯ ಫೈನಲಿನಲ್ಲಿ ದೊಡ್ಡ ಶಾಲೆಯಾದ ಮನ್ಸಿ ಸೆಂಟ್ರಲನ್ನು 32–30ರಿಂದ ಸೋಲಿಸಿತು. ಊರಿನ ಹುಡುಗರು, ಊರಿನ ಶಾಲೆ, ಊರಿನ ಗೆಲುವು. ಆದರೆ ಅದೇ ರಾಜ್ಯದ ಮರುವರ್ಷದ ಚಾಂಪಿಯನ್ ತಂಡ ಇನ್ನೊಂದು ಸತ್ಯವನ್ನು ಹೇಳುತ್ತದೆ. 1955 ಮತ್ತು 1956ರಲ್ಲಿ ಗೆದ್ದದ್ದು ಇಂಡಿಯಾನಾಪೊಲಿಸ್‌ನ ಕ್ರಿಸ್ಪಸ್ ಆಟಕ್ಸ್ ಹೈಸ್ಕೂಲು. ಆಸ್ಕರ್ ರಾಬರ್ಟ್‌ಸನ್ ಆಡಿದ ತಂಡ. ನಗರದ ಕಪ್ಪು ಮಕ್ಕಳಿಗೆಂದೇ 1927ರಲ್ಲಿ ಪ್ರತ್ಯೇಕವಾಗಿ ತೆರೆದ ಶಾಲೆ ಅದು. ಇಂಡಿಯಾನಾದ ಸಂಘ ಕಪ್ಪು ಮಕ್ಕಳ ಶಾಲೆಗಳಿಗೂ ಕ್ಯಾಥೊಲಿಕ್ ಮತ್ತು ಇತರ ಖಾಸಗಿ ಶಾಲೆಗಳಿಗೂ ಬಾಗಿಲು ತೆರೆದದ್ದು 1942ರಲ್ಲಷ್ಟೇ. ಯಾವ ಮಗು ಯಾವ ಶಾಲೆಗೆ ಎಂಬ ಗೆರೆ ತಾನಾಗಿ ಮೂಡಿದ್ದಲ್ಲ, ಎಳೆದವರಿದ್ದರು. ವ್ಯಾಪ್ತಿಯ ಗಡಿಯನ್ನು ನ್ಯಾಯದ ಅಳತೆಗೋಲಾಗಿ ಹಿಡಿಯುವ ಮೊದಲು ಈ ಎರಡು ಗೆಲುವುಗಳನ್ನೂ ಒಟ್ಟಿಗೆ ನೆನೆಯಬೇಕು.

ಆಡಳಿತ ರಚನೆ

ಅಮೆರಿಕದಲ್ಲಿ ಶಾಲಾ ಕ್ರೀಡೆಗೆ ಒಂದೇ ಕೇಂದ್ರಾಡಳಿತವಿಲ್ಲ. ರಾಷ್ಟ್ರೀಯ ಒಕ್ಕೂಟ ಆಟದ ನಿಯಮಗಳನ್ನು ಬರೆಯುತ್ತದೆ, ಅರ್ಹತೆಯನ್ನು ನಿರ್ಧರಿಸುವುದು 50 ರಾಜ್ಯಗಳ ಮತ್ತು ರಾಜಧಾನಿಯ ಸಂಘಗಳು. ಈ ಸಂಘಗಳ ಅಡಿಯಲ್ಲಿ ನಾನಾ ಆಟಗಳನ್ನು ಆಡುವವರ ಒಟ್ಟು ಲೆಕ್ಕ, ಎರಡು ಆಟ ಆಡುವವರನ್ನು ಎರಡು ಸಲ ಎಣಿಸಿ, 80 ಲಕ್ಷಕ್ಕೂ ಹೆಚ್ಚು; ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗರೇ ಐದು ಲಕ್ಷದ ಮೇಲಿದ್ದಾರೆ. ಖಾಸಗಿ ಶಾಲೆಗಳ ಸ್ಥಾನ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾ, ಓಹಾಯೊ, ಇಲಿನಾಯ್‌ಗಳಲ್ಲಿ ಸರ್ಕಾರಿ ಮತ್ತು ಖಾಸಗಿ ಶಾಲೆಗಳು ಒಂದೇ ಸಂಘದಲ್ಲಿವೆ. ಮೇರಿಲ್ಯಾಂಡ್ ಮತ್ತು ವರ್ಜೀನಿಯಾಗಳಲ್ಲಿ ರಾಜ್ಯ ಸಂಘ ಸರ್ಕಾರಿ ಶಾಲೆಗಳದ್ದು, ಖಾಸಗಿಯವು ಬೇರೆ ಕೂಟ ಕಟ್ಟಿಕೊಂಡಿವೆ. ಟೆಕ್ಸಸ್‌ನಲ್ಲಿ 1910ರಲ್ಲಿ ಹುಟ್ಟಿದ ಯುಐಎಲ್ ಎಂಬ ರಾಜ್ಯ ಸಂಘ ಹೆಚ್ಚುಕಡಿಮೆ ಪೂರ್ತಿ ಸರ್ಕಾರಿ ಶಾಲೆಗಳದ್ದು. ನ್ಯೂಜೆರ್ಸಿ ಎರಡನ್ನೂ ಒಂದೇ ಸಂಘದಲ್ಲಿಟ್ಟುಕೊಂಡು ರಾಜ್ಯ ಪ್ರಶಸ್ತಿಗೆ ಮಾತ್ರ ಬೇರೆ ಬೇರೆ ಪಂದ್ಯಾವಳಿ ನಡೆಸುತ್ತದೆ.

ಸಂಘಗಳ ಹೊರಗೆ ಇನ್ನೊಂದು ಲೋಕವಿದೆ. ಬೇಸಿಗೆಯಲ್ಲಿ ಎಎಯು ಎಂಬ ಹವ್ಯಾಸಿ ಕ್ರೀಡಾ ಸಂಸ್ಥೆಯ ಹೆಸರಿನಲ್ಲಿ ಊರೂರು ಸುತ್ತುವ ಕ್ಲಬ್ ತಂಡಗಳು, ಶೂ ಕಂಪನಿಗಳು ನಡೆಸುವ ಸರಣಿಗಳು (ನೈಕಿಯ ಇವೈಬಿಎಲ್ 2010ರಲ್ಲಿ ಆರಂಭವಾಯಿತು), ತರಬೇತುದಾರರು, ಕಾಲೇಜುಗಳಿಗಾಗಿ ಆಟಗಾರರನ್ನು ಹುಡುಕುವವರು. ರಾಜ್ಯ ಸಂಘದ ನಿಯಮ ಇವರ ಮೇಲೆ ನಡೆಯುವುದಿಲ್ಲ. ಶಾಲೆಯ ಕೋಚ್ ಹುಡುಗನನ್ನು ಕರೆಯುವಂತಿಲ್ಲ. ಅದೇ ಹುಡುಗನ ಕ್ಲಬ್ ಕೋಚ್ ಅವನ ಮನೆಯ ಜಗಲಿಯಲ್ಲಿ ಕೂತು, ಇಂಥ ಶಾಲೆಗೆ ಸೇರಿಸಿ ಎಂದು ತಂದೆತಾಯಿಗೆ ಹೇಳಿದರೆ ಹಿಡಿಯುವುದು ಬಹಳ ಕಷ್ಟ.

ಅರ್ಹತೆಯ ನಿಯಮಗಳು

ಸಾಮಾನ್ಯ ತತ್ವ ಇದು: ಒಂಬತ್ತನೆಯ ತರಗತಿಗೆ ಮೊದಲ ಬಾರಿ ಸೇರುವ ವಿದ್ಯಾರ್ಥಿ, ಶಾಲೆ ಸರ್ಕಾರಿಯಾಗಲಿ ಖಾಸಗಿಯಾಗಲಿ, ಬಹುತೇಕ ಕಡೆ ತಕ್ಷಣವೇ ಅರ್ಹ. ಅಲ್ಲಿಂದ ಮುಂದೆ ಶಾಲೆ ಬದಲಿಸಿದರೆ ಇಡೀ ಕುಟುಂಬ ನಿಜವಾಗಿ ಮನೆ ಬದಲಿಸಿದೆ ಎಂದು ತೋರಿಸಬೇಕು. ತೋರಿಸಲಾಗದಿದ್ದರೆ ಕಾಯುವ ಅವಧಿ. ಅದು ನ್ಯೂಜೆರ್ಸಿಯಲ್ಲಿ ಋತುವಿನ ಆರಂಭದ 30 ದಿನ, ಕ್ಯಾಲಿಫೋರ್ನಿಯಾದಲ್ಲಿ ಮೊದಲ ವರ್ಗಾವಣೆಯಾದರೆ ಋತುವಿನ ಸುಮಾರು ಮೊದಲರ್ಧ, ಕೆಲವೆಡೆ ಪೂರ್ತಿ ಒಂದು ವರ್ಷ. ಮುಂದೆ ವೃತ್ತಿಪರ ಲೀಗ್ ಎನ್‌ಬಿಎಯ ತಾರೆಯಾದ ಕೈರಿ ಅರ್ವಿಂಗ್ ನ್ಯೂಜೆರ್ಸಿಯ ಒಂದು ಖಾಸಗಿ ಶಾಲೆಯಿಂದ ಎಲಿಜಬೆತ್ ನಗರದ ಸೇಂಟ್ ಪ್ಯಾಟ್ರಿಕ್‌ಗೆ ಹೋದಾಗ ಹೀಗೆ 30 ದಿನ ಕೂರಬೇಕಾಯಿತು. ಪೋಷಕರ ಸಾವು, ವಿಚ್ಛೇದನ, ಅನಾಥಾಲಯದಿಂದ ಸಾಕುಮನೆಗೆ ಹೋಗುವುದು ಇಂಥ ಸಂದರ್ಭಗಳಲ್ಲಿ ವಿನಾಯಿತಿ ಕೇಳಬಹುದು.

ಮನೆ ಬದಲಿಸಿದ್ದನ್ನು ತೋರಿಸುವುದು ಎಂದರೇನೆಂದು ಹತ್ತಿರದಿಂದ ನೋಡಬೇಕು. ನಮ್ಮಲ್ಲಿಯ ಟಿ.ಸಿ.ಯಂಥ ಒಂದು ಹಾಳೆ ಅಲ್ಲಿ ಸಾಲದು. ಬಾಡಿಗೆ ಕರಾರು ಅಥವಾ ಕ್ರಯಪತ್ರ, ಹೊಸ ವಿಳಾಸದ ಕರೆಂಟು ಮತ್ತು ನೀರಿನ ಬಿಲ್ಲು, ಹಳೆಯ ಮನೆ ಖಾಲಿ ಮಾಡಿದ್ದಕ್ಕೆ ಸಾಕ್ಷಿ, ಅಣ್ಣತಮ್ಮಂದಿರೂ ಜೊತೆಗೇ ಬಂದರೇ ಎಂಬ ವಿವರ, ಹಳೆಯ ಶಾಲೆಯ ಅಧಿಕಾರಿಯ ಸಹಿ, ಹೊಸ ಶಾಲೆಯವರು ಕರೆದಿಲ್ಲವೆಂಬ ಪ್ರಮಾಣ ಎಲ್ಲವೂ ಬೇಕಾಗುತ್ತವೆ. ಸುಳ್ಳು ಮಾಹಿತಿ ಕೊಟ್ಟರೆ ಕ್ಯಾಲಿಫೋರ್ನಿಯಾದ ಸಂಘ 24 ತಿಂಗಳವರೆಗೆ ಆಟದಿಂದ ಹೊರಗಿಡಬಹುದು. ಹೊಸ ಬಡಾವಣೆಯಲ್ಲಿ ಮನೆ ಕೊಳ್ಳಬಲ್ಲ, ಇಲ್ಲವೇ ಎರಡನೆಯ ಮನೆಯ ಬಾಡಿಗೆ ಕಟ್ಟಬಲ್ಲ ತಂದೆಗೆ ಈ ಕಾಗದಗಳನ್ನು ಒದಗಿಸುವುದು ಒಂದು ತಿಂಗಳ ಕೆಲಸ. ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿರುವ, ವರ್ಷಕ್ಕೆ ಎರಡು ಸಲ ಬಾಡಿಗೆಮನೆ ಬದಲಿಸುವ ಹುಡುಗನಿಗೆ ಅವೇ ಕಾಗದಗಳು ದಾಟಲಾಗದ ಗೋಡೆ. ಆಸೆ ಇಬ್ಬರದೂ ಒಂದೇ. ಮೊದಲನೆಯವನದು ನೆಲೆ ಬದಲಾವಣೆ ಎನಿಸಿಕೊಳ್ಳುತ್ತದೆ, ಎರಡನೆಯವನದು ಆಟಕ್ಕಾಗಿ ಮಾಡಿದ ವರ್ಗಾವಣೆ.

ಬಗೆಗಳು

ನೆಲೆ ಬದಲಾವಣೆಯ ವರ್ಗಾವಣೆ ಮತ್ತು ನೆಲೆ ಬದಲಿಸದ ವರ್ಗಾವಣೆ ಎಂಬುದು ಸಂಘಗಳ ಮುಖ್ಯ ವಿಂಗಡಣೆ. ಇವಲ್ಲದೆ ಬೇರೆ ರಾಜ್ಯದ ವಸತಿ ಶಾಲೆಗೆ ಹೋಗುವುದು ಉನ್ನತ ಮಟ್ಟದ ಆಟಗಾರರಲ್ಲಿ ಸಾಮಾನ್ಯ. ವರ್ಜೀನಿಯಾದ ಗುಡ್ಡಗಾಡಿನ ಮೌತ್ ಆಫ್ ವಿಲ್ಸನ್ ಎಂಬಲ್ಲಿರುವ, 1878ರಲ್ಲಿ ಸ್ಥಾಪನೆಯಾದ ಓಕ್ ಹಿಲ್ ಅಕಾಡೆಮಿ ಈ ಬಗೆಯ ಹಳೆಯ ಕೇಂದ್ರ. ಬಾಲ್ಟಿಮೋರ್ ಬಳಿಯ ಟೌಸನ್ ಕ್ಯಾಥೊಲಿಕ್‌ನಲ್ಲಿದ್ದ ಕಾರ್ಮೆಲೊ ಆಂಥನಿ ಕೊನೆಯ ವರ್ಷವನ್ನು ಅಲ್ಲಿ ಕಳೆದರು. ಕೆವಿನ್ ಡುರಾಂಟ್ ಒಂದು ವರ್ಷ ಅಲ್ಲಿದ್ದು ಮತ್ತೆ ಮೇರಿಲ್ಯಾಂಡಿಗೆ ಮರಳಿ ಮಾಂಟ್ರೋಸ್ ಕ್ರಿಶ್ಚಿಯನ್ ಸೇರಿದರು. ಫ್ಲಾರಿಡಾದ ಮಾಂಟ್‌ವರ್ಡ್ ಅಕಾಡೆಮಿ ಇತ್ತೀಚಿನ ಕೇಂದ್ರ. ಮೇಯ್ನ್ ರಾಜ್ಯದ ನ್ಯೂಪೋರ್ಟ್‌ನ ಸರ್ಕಾರಿ ಶಾಲೆ ನೊಕೊಮಿಸ್‌ಗೆ 2022ರಲ್ಲಿ ರಾಜ್ಯ ಪ್ರಶಸ್ತಿ ತಂದುಕೊಟ್ಟ ಕೂಪರ್ ಫ್ಲ್ಯಾಗ್ ಒಂಬತ್ತನೆಯ ತರಗತಿ ಮುಗಿಯುತ್ತಲೇ ಅವಳಿ ಸಹೋದರನೊಂದಿಗೆ ಮಾಂಟ್‌ವರ್ಡ್‌ಗೆ ಹೋದ. ಅಲ್ಲಿಂದ ಡ್ಯೂಕ್ ವಿಶ್ವವಿದ್ಯಾಲಯ, 2025ರಲ್ಲಿ ಎನ್‌ಬಿಎ ತಂಡಗಳು ಹೊಸಬರನ್ನು ಸರದಿಯಂತೆ ಆರಿಸಿಕೊಳ್ಳುವ ಆಯ್ಕೆಯಲ್ಲಿ (ಡ್ರಾಫ್ಟ್) ಮೊದಲ ಸ್ಥಾನ. ಹುಡುಗಿಯರಲ್ಲೂ ಇದು ನಡೆಯುತ್ತದೆ. ಲಾಸ್ ಏಂಜಲೀಸ್‌ನ ಜೂಜೂ ವಾಟ್ಕಿನ್ಸ್ ಹನ್ನೊಂದನೆಯ ತರಗತಿಗೆ ವಿಂಡ್‌ವರ್ಡ್ ಬಿಟ್ಟು ಸಿಯೆರಾ ಕ್ಯಾನ್ಯನ್ ಸೇರಿದಳು. ಎರಡೂ ಖಾಸಗಿ ಶಾಲೆಗಳೇ.

'ರೀಕ್ಲಾಸ್' ಎಂದು ಆಡುಮಾತಿನಲ್ಲಿ ಕರೆಯುವುದು ತರಗತಿಯ ಮರುಹೊಂದಾಣಿಕೆ. ದೇಹ ಬಲಿಯಲೆಂದು ಒಂದು ವರ್ಷ ಹಿಂದೆ ಉಳಿಯುವುದು ಅಥವಾ ಕಾಲೇಜಿಗೆ ಬೇಗ ಹೋಗಲೆಂದು ಒಂದು ವರ್ಷ ಮುಂದೆ ಜಿಗಿಯುವುದು. ಅರಿಜೋನಾದಿಂದ ಕ್ಯಾಲಿಫೋರ್ನಿಯಾಕ್ಕೆ ಬಂದು ಒಟ್ಟು ಮೂರು ಶಾಲೆ ಕಂಡ ಮಾರ್ವಿನ್ ಬ್ಯಾಗ್ಲಿ 2017ರಲ್ಲಿ, ಫ್ಲ್ಯಾಗ್ 2023ರಲ್ಲಿ ಹೀಗೆ ಮುಂದೆ ಜಿಗಿದವರು. ಈಶಾನ್ಯ ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರದೇಶದ ವಸತಿ ಶಾಲೆಗಳಲ್ಲಿ ಹನ್ನೆರಡು ಮುಗಿದ ಮೇಲೂ ಒಂದು ವರ್ಷ ಓದುವ ಪದ್ಧತಿಯಿದೆ, ಅದಕ್ಕೆ ಅಲ್ಲಿ ಪಿ.ಜಿ. ವರ್ಷ ಎನ್ನುತ್ತಾರೆ, ನಮ್ಮ ಸ್ನಾತಕೋತ್ತರಕ್ಕೂ ಅದಕ್ಕೂ ಸಂಬಂಧವಿಲ್ಲ. ಇವುಗಳ ಮೇಲೆ ಕಡಿವಾಣ ಇರುವುದು ಕಾಲೇಜು ಕ್ರೀಡೆಯನ್ನಾಳುವ ಎನ್‌ಸಿಎಎ ಕೈಯಲ್ಲಿ. ಅದರ ಒಂದನೆಯ ವಿಭಾಗದಲ್ಲಿ ಆಡಬೇಕಾದರೆ ಒಂಬತ್ತನೆಯ ತರಗತಿ ಸೇರಿದ ನಾಲ್ಕು ವರ್ಷಗಳೊಳಗೆ 16 ಮೂಲ ವಿಷಯಗಳನ್ನು ಮುಗಿಸಬೇಕು, ಅದರಲ್ಲಿ 10 ಏಳನೆಯ ಸೆಮಿಸ್ಟರಿಗೆ ಮುಂಚೆಯೇ ಮುಗಿದಿರಬೇಕು. ಹಾಗಾಗಿ ಹಿಂದೆ ಉಳಿಸುವವರು ಎಂಟನೆಯ ತರಗತಿಯಲ್ಲೇ ಉಳಿಸುತ್ತಾರೆ. ಹದಿಮೂರರ ಹುಡುಗ ಓದಿನಲ್ಲಿ ಪಾಸಾಗಿದ್ದರೂ ಅದೇ ತರಗತಿಯಲ್ಲಿ ಮತ್ತೆ ಕೂರುತ್ತಾನೆ.

ಖಾಸಗಿ ಶಾಲಾ ಪ್ರವೇಶ

ಖಾಸಗಿ ಶಾಲೆಗೆ ಹಾಜರಾತಿ ವ್ಯಾಪ್ತಿ ಇಲ್ಲ. ಅದು ಪ್ರವೇಶ ಪರೀಕ್ಷೆ, ಸಂದರ್ಶನ, ಶಿಫಾರಸು ಪತ್ರಗಳ ಮೂಲಕ ಮಕ್ಕಳನ್ನು ಆರಿಸುತ್ತದೆ. ಆಟದ ಹೆಸರಿನಲ್ಲಿ ವಿದ್ಯಾರ್ಥಿವೇತನ ಕೊಡುವುದನ್ನು ಬಹುಪಾಲು ರಾಜ್ಯ ಸಂಘಗಳೂ ನ್ಯೂ ಇಂಗ್ಲೆಂಡಿನ ಖಾಸಗಿ ಶಾಲಾ ಮಂಡಳಿಯೂ ನಿಷೇಧಿಸಿವೆ. ಕುಟುಂಬದ ವರಮಾನ ನೋಡಿ, ಹೊರಗಿನ ಸಂಸ್ಥೆಯೊಂದು ಲೆಕ್ಕ ಹಾಕಿದಷ್ಟು ಶುಲ್ಕ ವಿನಾಯಿತಿಯನ್ನು ಮಾತ್ರ ಕೊಡಬಹುದು. ಎಷ್ಟು ಕೊಡಬಹುದೆಂಬುದನ್ನು ಈ ನಿಯಮ ಹಿಡಿದಿಡುತ್ತದೆ, ಯಾರಿಗೆ ಕೊಡಬೇಕೆಂಬುದನ್ನಲ್ಲ. ನೂರು ಬಡ ಮಕ್ಕಳು ಅರ್ಜಿ ಹಾಕಿ ಹತ್ತು ಮಂದಿಗೆ ನೆರವು ಸಿಕ್ಕಾಗ, ಆ ಹತ್ತರಲ್ಲಿ ಆರೂವರೆ ಅಡಿಯ ಹುಡುಗನಿರುವುದು ಕಾಕತಾಳೀಯವೇ ಅಲ್ಲವೇ ಎಂದು ಯಾವ ಕಡತದಿಂದಲೂ ತಿಳಿಯುವುದಿಲ್ಲ.

ಇದರ ಒಳ್ಳೆಯ ಮುಖವನ್ನು ಅಲ್ಲಗಳೆಯಲಾಗದು. ನ್ಯೂಜೆರ್ಸಿಯ ಜೆರ್ಸಿ ಸಿಟಿಯ ಸೇಂಟ್ ಆಂಥನಿ ಕ್ಯಾಥೊಲಿಕ್ ಶಾಲೆಗೆ ಸ್ವಂತದ ಜಿಮ್ ಕೂಡ ಇರಲಿಲ್ಲ. ಬಿಂಗೊ ಆಟ ನಡೆಯುತ್ತಿದ್ದ ವೈಟ್ ಈಗಲ್ ಹಾಲ್‌ನಲ್ಲಿ ಹುಡುಗರು ಅಭ್ಯಾಸ ಮಾಡುತ್ತಿದ್ದರು. ಅಪರಾಧಿಗಳ ಮೇಲ್ವಿಚಾರಣೆಯ ಪ್ರೊಬೇಷನ್ ಅಧಿಕಾರಿಯಾಗಿ ದುಡಿಯುತ್ತ ಕೋಚ್ ಆಗಿದ್ದ ಬಾಬ್ ಹರ್ಲಿ ಅಂಥ ಹಾಲ್‌ನಿಂದ 28 ರಾಜ್ಯ ಪ್ರಶಸ್ತಿಗಳನ್ನು ಗೆಲ್ಲಿಸಿದರು. ಬಡ ಬಡಾವಣೆಗಳ ನೂರಾರು ಮಕ್ಕಳು ಅಲ್ಲಿ ಓದಿ ಕಾಲೇಜು ಸೇರಿದರು. ಮೇರಿಲ್ಯಾಂಡಿನ ಡಿಮಾಥಾ ಶಾಲೆಯಲ್ಲಿ 1956ರಿಂದ 2002ರವರೆಗೆ ಕೋಚ್ ಆಗಿದ್ದ ಮಾರ್ಗನ್ ವೂಟನ್ 1,274 ಪಂದ್ಯಗಳನ್ನು ಗೆದ್ದರು. 1965ರಲ್ಲಿ ಅವರ ತಂಡ, ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಎಂದು ಹೆಸರಾದ ಲ್ಯೂ ಆಲ್ಸಿಂಡರ್ ಆಡುತ್ತಿದ್ದ ನ್ಯೂಯಾರ್ಕಿನ ಪವರ್ ಮೆಮೋರಿಯಲ್ ಶಾಲೆಯ 71 ಸತತ ಗೆಲುವುಗಳ ಓಟವನ್ನು ನಿಲ್ಲಿಸಿತು. ಲೆಬ್ರಾನ್ ಜೇಮ್ಸ್ ಕೂಡ ಓಹಾಯೊದ ಏಕ್ರನ್‌ನಲ್ಲಿ ಗೆಳೆಯರೊಂದಿಗೆ ಸೇಂಟ್ ವಿನ್ಸೆಂಟ್–ಸೇಂಟ್ ಮೇರಿ ಎಂಬ ಕ್ಯಾಥೊಲಿಕ್ ಶಾಲೆಗೆ ಒಂಬತ್ತನೆಯ ತರಗತಿಯಲ್ಲೇ ಸೇರಿದವರು. ಪ್ರವೇಶದ ಬಾಗಿಲಿಂದ ಹೋದದ್ದರಿಂದ ವರ್ಗಾವಣೆಯ ಪ್ರಶ್ನೆಯೇ ಬರಲಿಲ್ಲ.

ಆದರೆ ಖಾಸಗಿ ಶಾಲೆ ಬಡ ಮಗುವಿಗೆ ಮಾಡುವ ಉಪಕಾರಕ್ಕೆ ಖಾತರಿಯಿಲ್ಲ ಎಂಬುದನ್ನು 1994ರ 'ಹೂಪ್ ಡ್ರೀಮ್ಸ್' ಸಾಕ್ಷ್ಯಚಿತ್ರದಷ್ಟು ಸ್ಪಷ್ಟವಾಗಿ ದಾಖಲಿಸಿದ್ದು ಬೇರೆ ಇಲ್ಲ. ಸ್ಟೀವ್ ಜೇಮ್ಸ್ ನಿರ್ದೇಶಿಸಿದ ಆ ಚಿತ್ರದಲ್ಲಿ ಷಿಕಾಗೊ ನಗರದ ಇಬ್ಬರು ಕಪ್ಪು ಬಾಲಕರು, ವಿಲಿಯಂ ಗೇಟ್ಸ್ ಮತ್ತು ಆರ್ಥರ್ ಏಜಿ, ಉಪನಗರದ ಸೇಂಟ್ ಜೋಸೆಫ್ ಶಾಲೆಗೆ ಆಟದ ಬಲದಿಂದಲೇ ಪ್ರವೇಶ ಪಡೆಯುತ್ತಾರೆ. ದಿನಕ್ಕೆ ಹೋಗಿಬರುವುದೇ ಮೂರು ಗಂಟೆ. ನಿರೀಕ್ಷೆಯಂತೆ ಬೆಳೆದ ಗೇಟ್ಸ್‌ನ ಶುಲ್ಕ ಕಟ್ಟಲು ದಾನಿಗಳು ಸಿಗುತ್ತಾರೆ. ಅಷ್ಟು ಬೇಗ ಬೆಳೆಯದ ಏಜಿಯ ಮನೆಯವರು ಬಾಕಿ ಕಟ್ಟಲಾಗದೆ ಹೋದಾಗ ಎರಡನೆಯ ವರ್ಷದ ನಡುವೆ ಅವನು ಶಾಲೆ ಬಿಡಬೇಕಾಗುತ್ತದೆ, ಬಾಕಿ ತೀರುವವರೆಗೆ ಅಂಕಪಟ್ಟಿಯೂ ಕೈಗೆ ಸಿಗುವುದಿಲ್ಲ. ಅವನು ತನ್ನ ಬಡಾವಣೆಯ ಮಾರ್ಷಲ್ ಸರ್ಕಾರಿ ಶಾಲೆಗೆ ಮರಳಿ, 1991ರಲ್ಲಿ ಆ ತಂಡವನ್ನು ರಾಜ್ಯದಲ್ಲಿ ಮೂರನೆಯ ಸ್ಥಾನಕ್ಕೆ ಒಯ್ದ. ಹುಡುಗ ಶಾಲೆ ಬದಲಿಸದಂತೆ ತಡೆಯಲು ಪುಟಗಟ್ಟಲೆ ನಿಯಮವಿದೆ. ಶಾಲೆ ಹುಡುಗನನ್ನು ನಡುನೀರಲ್ಲಿ ಕೈಬಿಡದಂತೆ ತಡೆಯಲು ಅಂಥ ನಿಯಮ ಕಾಣುವುದಿಲ್ಲ.

ಪದವಿಯ ಕಾಗದ ಮಾರುವುದಕ್ಕೆಂದೇ ಹುಟ್ಟಿದ ಶಾಲೆಗಳೂ ಇದ್ದವು. 2006ರ ಸುಮಾರಿಗೆ ಪತ್ರಿಕಾ ತನಿಖೆಗಳು ಇವನ್ನು ಬಯಲಿಗೆಳೆದ ಮೇಲೆ ಎನ್‌ಸಿಎಎ ಹಲವು ಶಾಲೆಗಳ ಅಂಕಪಟ್ಟಿಯನ್ನು ಒಪ್ಪುವುದನ್ನು ನಿಲ್ಲಿಸಿತು. ಅಲ್ಲೂ ಕಾಲೇಜು ಕಳೆದುಕೊಂಡವರು ಅಲ್ಲಿ ಕಲಿತ ಹುಡುಗರೇ.

ನ್ಯಾಯಾಲಯಗಳ ನಿಲುವು

ವರ್ಗಾವಣೆ ನಿಯಮಗಳನ್ನು ನ್ಯಾಯಾಲಯಗಳು ಬಹುಮಟ್ಟಿಗೆ ಎತ್ತಿಹಿಡಿದಿವೆ. ಶಾಲಾ ಆಟದಲ್ಲಿ ಭಾಗವಹಿಸುವುದು ಸಂವಿಧಾನದತ್ತ ಹಕ್ಕಲ್ಲ ಎಂಬುದು ಅವುಗಳ ಸಾಮಾನ್ಯ ತರ್ಕ. ಮುಖ್ಯ ಅಪವಾದ 1981ರ ಸಲಿವನ್ ಪ್ರಕರಣ. ವರ್ಮಾಂಟ್‌ನಿಂದ ಕುಟುಂಬದ ಸಮೇತ ಟೆಕ್ಸಸ್‌ನ ಆಸ್ಟಿನ್‌ಗೆ ಬಂದ ವಿದ್ಯಾರ್ಥಿಗೆ ಯುಐಎಲ್ ಒಂದು ವರ್ಷ ಬ್ಯಾಸ್ಕೆಟ್‌ಬಾಲ್ ಆಡಗೊಡಲಿಲ್ಲ. ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲಿನಲ್ಲಿ ವರ್ಗವಾಗಿ ಬಂದವರೆಲ್ಲರನ್ನೂ ಆಟಕ್ಕಾಗಿ ಸೆಳೆಯಲ್ಪಟ್ಟವರೆಂದೇ ಭಾವಿಸಿ, ಅಲ್ಲವೆಂದು ತೋರಿಸುವ ಅವಕಾಶವನ್ನೂ ಕೊಡದ ಆ ನಿಯಮ ಸಮಾನತೆಗೆ ವಿರುದ್ಧವೆಂದು ಟೆಕ್ಸಸ್ ಸರ್ವೋಚ್ಚ ನ್ಯಾಯಾಲಯ ರದ್ದುಮಾಡಿತು. ಉದ್ದೇಶವನ್ನು ವಿಳಾಸದಿಂದ ಊಹಿಸುವುದರ ದೋಷವನ್ನು ಇಷ್ಟು ನೇರವಾಗಿ ಗುರುತಿಸಿದ ತೀರ್ಪು ಅಪರೂಪ.

ಕರೆದವರ ಮೇಲಿನ ನಿಯಮ ದೇಶದ ಸುಪ್ರೀಂ ಕೋರ್ಟಿಗೆ ಹೋದದ್ದು ಟೆನೆಸ್ಸೀಯ ಬ್ರೆಂಟ್‌ವುಡ್ ಅಕಾಡೆಮಿಯ ಪ್ರಕರಣದಲ್ಲಿ. 1997ರಲ್ಲಿ ಆ ಖಾಸಗಿ ಶಾಲೆಯ ಫುಟ್‌ಬಾಲ್ ಕೋಚ್, ಮುಂದಿನ ವರ್ಷ ಸೇರಲಿದ್ದ ಎಂಟನೆಯ ತರಗತಿಯ ಹುಡುಗರಿಗೆ ವಸಂತಕಾಲದ ಅಭ್ಯಾಸಕ್ಕೆ ಬನ್ನಿ ಎಂದು ಪತ್ರ ಬರೆದು, ಕೆಳಗೆ 'ನಿಮ್ಮ ಕೋಚ್' ಎಂದು ಸಹಿ ಹಾಕಿದ್ದರು. ರಾಜ್ಯ ಸಂಘ 3,000 ಡಾಲರ್ ದಂಡ ಹಾಕಿತು, ಶಾಲೆಯ ಫುಟ್‌ಬಾಲ್ ತಂಡದ ಜೊತೆಗೆ ಬಾಲಕರ ಬ್ಯಾಸ್ಕೆಟ್‌ಬಾಲ್ ತಂಡವನ್ನೂ ಎರಡು ವರ್ಷ ಪ್ಲೇಆಫ್‌ನಿಂದ ಹೊರಗಿಟ್ಟಿತು. ಸಂಘವು ಸರ್ಕಾರದ ಅಂಗದಂತೆಯೇ ವರ್ತಿಸುತ್ತದೆಂದು 2001ರಲ್ಲಿ ಸುಪ್ರೀಂ ಕೋರ್ಟ್ 5–4ರಿಂದ ಹೇಳಿತು. ಆದರೆ ಕರೆಯುವುದನ್ನು ನಿಷೇಧಿಸುವ ನಿಯಮ ವಾಕ್‌ಸ್ವಾತಂತ್ರ್ಯಕ್ಕೆ ಧಕ್ಕೆಯಲ್ಲವೆಂದು 2007ರಲ್ಲಿ ಒಮ್ಮತದಿಂದ ತೀರ್ಮಾನಿಸಿತು. ಈ ತೀರ್ಪಿನಲ್ಲಿ ಗಮನಿಸಬೇಕಾದ ಅಂಶ, ಪತ್ರ ಹೋದದ್ದು ಎಂಟನೆಯ ತರಗತಿಗೆ. ಒಂಬತ್ತರ ಬಾಗಿಲು ಮುಕ್ತವಾಗಿರುವುದರಿಂದ ಸೆಳೆಯುವವರು ಅದಕ್ಕೂ ಹಿಂದಕ್ಕೆ, ಇನ್ನೂ ಚಿಕ್ಕ ಮಕ್ಕಳ ಬಳಿಗೆ ಹೋಗುತ್ತಾರೆ.

ಸಮತೋಲನದ ಪ್ರಯತ್ನಗಳು ಮತ್ತು ಆಕ್ಷೇಪಗಳು

ವರ್ಗಾವಣೆಗೆ ತಡೆ ಬೇಡವೆಂದರೆ ಕೆಲವೇ ಶಾಲೆಗಳು ಎಲ್ಲ ಪ್ರತಿಭೆಯನ್ನೂ ಬಾಚಿಕೊಳ್ಳುತ್ತವೆ, ಊರಿನ ಶಾಲೆಯಲ್ಲಿ ಮೂರು ವರ್ಷ ಬೆವರು ಹರಿಸಿದ ಹುಡುಗ ಹೊರಗಿನಿಂದ ಬಂದವನಿಗಾಗಿ ಬೆಂಚಿನಲ್ಲಿ ಕೂರುತ್ತಾನೆ ಎಂಬುದು ಸಂಘಗಳ ಬಲವಾದ ವಾದ. ಇದು ಸುಳ್ಳಲ್ಲ. ವೆಸ್ಟ್ ವರ್ಜೀನಿಯಾ ರಾಜ್ಯ 2023ರಲ್ಲಿ ಒಂದು ಸಲ ಮುಕ್ತ ವರ್ಗಾವಣೆಗೆ ಕಾನೂನಿನ ಅನುಮತಿ ಕೊಟ್ಟಾಗ, ಏಕಪಕ್ಷೀಯ ಪಂದ್ಯಗಳ ಬಗ್ಗೆ ಅಲ್ಲಿಯ ಶಾಲೆಗಳಿಂದ ದೂರುಗಳೆದ್ದವು. ಆದರೆ ಆಟದಲ್ಲಿ ಸಮತೋಲನ ಬೇಕಿದ್ದರೆ ಅದರ ಹೊರೆಯನ್ನು ಶಾಲೆಗಳ ಮೇಲೆ ಹೊರಿಸಬಹುದೆಂದು ಹಲವು ರಾಜ್ಯಗಳು ತೋರಿಸಿಕೊಟ್ಟಿವೆ. ಇಲಿನಾಯ್ 2005ರಿಂದ ವ್ಯಾಪ್ತಿಯಿಲ್ಲದ ಶಾಲೆಗಳ ವಿದ್ಯಾರ್ಥಿ ಸಂಖ್ಯೆಯನ್ನು 1.65ರಿಂದ ಗುಣಿಸಿ, ದೊಡ್ಡ ಶಾಲೆಗಳ ವರ್ಗಕ್ಕೆ ಏರಿಸುತ್ತದೆ. ಟೆನೆಸ್ಸೀ 1997ರಲ್ಲಿ ಶುಲ್ಕ ನೆರವು ಕೊಡುವ ಖಾಸಗಿ ಶಾಲೆಗಳನ್ನು ಬೇರೆ ವಿಭಾಗಕ್ಕೆ ಹಾಕಿತು. ಓಹಾಯೊ 2017–18ರಿಂದ ಹೊರ ಪ್ರದೇಶದ ಆಟಗಾರರನ್ನು ಎಣಿಸಿ ಶಾಲೆಯ ವರ್ಗವನ್ನು ನಿರ್ಧರಿಸುತ್ತದೆ. ಇಂಥ ಕ್ರಮಗಳಲ್ಲಿ ಯಾವ ಹುಡುಗನೂ ಆಡದೆ ಕೂರಬೇಕಿಲ್ಲ, ಲಾಭ ಪಡೆದ ಶಾಲೆ ಕಠಿಣ ಪಂದ್ಯ ಆಡಬೇಕು, ಅಷ್ಟೇ.

ಎರಡನೆಯ ಆಕ್ಷೇಪ ಇದಕ್ಕೆ ವಿರುದ್ಧ ದಿಕ್ಕಿನದು. ಪಿಟೀಲು ಕಲಿಯುವ ಮಗು ಒಳ್ಳೆಯ ಗುರುವಿರುವ ಶಾಲೆಗೆ ಹೋದರೆ ಯಾರೂ ತಡೆಯುವುದಿಲ್ಲ, ಆಟಗಾರನಿಗೆ ಮಾತ್ರ ಏಕೆ ಎಂದು ಪೋಷಕರು ಕೇಳುತ್ತಾರೆ. ತಂಡದ ಸ್ಥಾನ ಸೀಮಿತ, ಒಬ್ಬ ಬಂದರೆ ಒಬ್ಬ ಹೋಗುತ್ತಾನೆ ಎಂಬ ವ್ಯತ್ಯಾಸ ಇದೆ ನಿಜ. ಆದರೂ ಪೂರ್ತಿ ಸ್ವಾತಂತ್ರ್ಯವೇ ಉತ್ತರ ಎನ್ನುವವರು ಒಂದು ಅಂಕಿಯನ್ನು ನೋಡಬೇಕು: ಎನ್‌ಸಿಎಎ ಲೆಕ್ಕದ ಪ್ರಕಾರ ಹೈಸ್ಕೂಲಿನಲ್ಲಿ ಆಡುವ ಹುಡುಗರಲ್ಲಿ ಅದರ ಕಾಲೇಜು ತಂಡಗಳನ್ನು ಮುಟ್ಟುವವರು ನೂರಕ್ಕೆ ಮೂರೂವರೆ, ಒಂದನೆಯ ವಿಭಾಗ ಮುಟ್ಟುವವರು ಸುಮಾರು ಒಬ್ಬ. ಉಳಿದವರ ಪಾಲಿಗೆ ಶಾಲೆ ಬದಲಾವಣೆಯಿಂದ ಉಳಿಯುವುದು ಓದು ಮಾತ್ರ. ಆದ್ದರಿಂದ ಹೋಗಲು ಬಿಡುವುದರ ಜೊತೆಗೆ, ಕರೆದುಕೊಂಡ ಶಾಲೆ ಕೊಟ್ಟ ಶುಲ್ಕ ನೆರವನ್ನು ಗಾಯವಾದರೂ ಫಾರ್ಮ್ ಹೋದರೂ ಹನ್ನೆರಡನೆಯ ತರಗತಿಯವರೆಗೆ ಮುಂದುವರಿಸಲೇಬೇಕೆಂಬ ನಿಯಮ ಬೇಕು. ಏಜಿಗೆ ಬೇಕಿದ್ದದ್ದು ಇದು.

ಇಂದಿನ ಸ್ಥಿತಿ

ಗಡಿಗಳು ಎಲ್ಲ ಕಡೆಯಿಂದಲೂ ಸಡಿಲವಾಗುತ್ತಿವೆ. ಫ್ಲಾರಿಡಾದ 2016ರ ಕಾಯ್ದೆ ಜಾಗವಿರುವ ಯಾವುದೇ ಸರ್ಕಾರಿ ಶಾಲೆಗೆ ಹೋಗಿ ತಕ್ಷಣ ಆಡಲು ಅವಕಾಶ ಕೊಟ್ಟಿತು. ಒಂದೇ ವರ್ಷದಲ್ಲಿ ಒಂದೇ ಆಟವನ್ನು ಎರಡು ಶಾಲೆಗಳಿಗೆ ಆಡುವಂತಿಲ್ಲ ಎಂಬುದೇ ಮುಖ್ಯ ನಿರ್ಬಂಧ. ಅರಿಜೋನಾ 2022ರಲ್ಲಿ, ಫ್ಲಾರಿಡಾ 2023ರಲ್ಲಿ ಖಾಸಗಿ ಶಾಲೆಯ ಶುಲ್ಕಕ್ಕೆ ಸರ್ಕಾರಿ ಹಣ ಪಡೆಯುವ ಅವಕಾಶವನ್ನು ಎಲ್ಲ ಮಕ್ಕಳಿಗೂ ವಿಸ್ತರಿಸಿದವು. 2021ರಲ್ಲಿ ಅಟ್ಲಾಂಟಾದಲ್ಲಿ ಆರಂಭವಾದ ಓವರ್‌ಟೈಮ್ ಎಲೀಟ್ ಎಂಬ ಲೀಗ್ 16ರಿಂದ 18ರ ಹುಡುಗರಿಗೆ ವರ್ಷಕ್ಕೆ ಕನಿಷ್ಠ 1,00,000 ಡಾಲರ್ ಸಂಬಳ ಕೊಟ್ಟು ಆಡಿಸಿತು. ಅಲ್ಲಿ ಆಡಿದ ಅವಳಿಗಳಾದ ಆಮೆನ್ ಮತ್ತು ಔಸರ್ ಥಾಂಪ್ಸನ್ 2023ರ ಎನ್‌ಬಿಎ ಆಯ್ಕೆಯಲ್ಲಿ ನಾಲ್ಕನೆಯ ಮತ್ತು ಐದನೆಯ ಸ್ಥಾನ ಪಡೆದರು. 2003ರಲ್ಲಿ ಎರಡು ಹಳೆಯ ಮಾದರಿಯ ಜೆರ್ಸಿಗಳನ್ನು ಉಡುಗೊರೆ ಪಡೆದದ್ದಕ್ಕೆ ಲೆಬ್ರಾನ್ ಜೇಮ್ಸ್‌ರನ್ನು ಓಹಾಯೊ ಸಂಘ ಅನರ್ಹಗೊಳಿಸಿತ್ತು, ನ್ಯಾಯಾಲಯದ ಮಧ್ಯಪ್ರವೇಶದಿಂದ ಅವರು ಮರಳಿದರು. ಇಂದು ತನ್ನ ಹೆಸರು, ಚಿತ್ರ ಬಳಸಿ ಜಾಹೀರಾತಿನಿಂದ ಗಳಿಸಲು ಬಹುಪಾಲು ರಾಜ್ಯಗಳು ಹೈಸ್ಕೂಲು ಆಟಗಾರರಿಗೆ ಅನುಮತಿ ಕೊಟ್ಟಿವೆ. ಕಾಲೇಜು ಆಟಗಾರರಿಗೆ ಎನ್‌ಸಿಎಎ 2021ರಲ್ಲಿ ಒಂದು ಸಲ, 2024ರಲ್ಲಿ ಎಷ್ಟು ಸಲವಾದರೂ ವರ್ಗವಾಗಿ ತಕ್ಷಣ ಆಡುವ ಸ್ವಾತಂತ್ರ್ಯ ಕೊಟ್ಟಿತು. ಇಪ್ಪತ್ತರ ಯುವಕ ಪ್ರತಿವರ್ಷ ಕಾಲೇಜು ಬದಲಿಸಬಹುದು, ಹದಿನೈದರ ಹುಡುಗ ಕರೆಂಟು ಬಿಲ್ಲು ತೋರಿಸಬೇಕು.

ಇದೇ ಹೊತ್ತಿಗೆ ಬಡ ಬಡಾವಣೆಗಳ ಕ್ಯಾಥೊಲಿಕ್ ಶಾಲೆಗಳು ಕಣ್ಮರೆಯಾಗುತ್ತಿವೆ. ಪವರ್ ಮೆಮೋರಿಯಲ್ 1984ರಲ್ಲಿ, ಟೌಸನ್ ಕ್ಯಾಥೊಲಿಕ್ 2009ರಲ್ಲಿ, ಅರ್ವಿಂಗ್ ಆಡಿದ ಸೇಂಟ್ ಪ್ಯಾಟ್ರಿಕ್ 2012ರಲ್ಲಿ, ಸೇಂಟ್ ಆಂಥನಿ 2017ರಲ್ಲಿ ಮುಚ್ಚಿದವು. ಪ್ರಶಸ್ತಿಗಳು ಖರ್ಚು ತೂಗಿಸಲಿಲ್ಲ. ಅವುಗಳ ಜಾಗದಲ್ಲಿ ಮೇಲೆದ್ದಿರುವುದು ದೇಶವೆಲ್ಲ ಸುತ್ತಿ ಆಡುವ, ದುಬಾರಿ ಶುಲ್ಕದ ವಸತಿ ಶಾಲೆಗಳು.

ವಿದೇಶಿ ವಿದ್ಯಾರ್ಥಿಗಳು ಮತ್ತು ಭಾರತೀಯರು

ವಿದೇಶಿ ಆಟಗಾರರು ಹೆಚ್ಚಾಗಿ ಖಾಸಗಿ ಶಾಲೆಗಳಲ್ಲೇ ಕಾಣುವುದಕ್ಕೆ ಆಟದ ಆಚೆಗಿನ ಕಾರಣವಿದೆ. 1996ರ ವಲಸೆ ಕಾನೂನಿನ ಪ್ರಕಾರ ಎಫ್-1 ವೀಸಾದ ವಿದ್ಯಾರ್ಥಿ ಸರ್ಕಾರಿ ಹೈಸ್ಕೂಲಿನಲ್ಲಿ ಒಟ್ಟು 12 ತಿಂಗಳು ಮಾತ್ರ ಓದಬಹುದು, ಅದಕ್ಕೂ ಪೂರ್ತಿ ವೆಚ್ಚ ಭರಿಸಬೇಕು. ಖಾಸಗಿ ಶಾಲೆಗೆ ಆ ಮಿತಿಯಿಲ್ಲ. ಪಂಜಾಬಿನ ಬಲ್ಲೊ ಕೆ ಹಳ್ಳಿಯ ಸತ್ನಾಮ್ ಸಿಂಗ್ 2010ರಲ್ಲಿ ಲುಧಿಯಾನಾದ ಅಕಾಡೆಮಿಯಿಂದ ಫ್ಲಾರಿಡಾದ ಬ್ರಾಡೆಂಟನ್‌ನ ಐಎಂಜಿ ಅಕಾಡೆಮಿಗೆ ವಿದ್ಯಾರ್ಥಿವೇತನದ ಮೇಲೆ ಹೋದದ್ದು ಈ ದಾರಿಯಲ್ಲೇ. 2015ರಲ್ಲಿ ಡಲ್ಲಾಸ್ ಮ್ಯಾವರಿಕ್ಸ್ ಅವರನ್ನು 52ನೆಯವರಾಗಿ ಆರಿಸಿಕೊಂಡಾಗ ಎನ್‌ಬಿಎ ಆಯ್ಕೆಯಲ್ಲಿ ಸ್ಥಾನ ಪಡೆದ ಭಾರತದಲ್ಲಿ ಹುಟ್ಟಿದ ಮೊದಲ ಆಟಗಾರರಾದರು. ಎಚ್-1ಬಿ ಕೆಲಸದ ಮೇಲೆ ಅಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳದು ಬೇರೆ ಸ್ಥಿತಿ. ಎಚ್-4 ವೀಸಾದ ಅವರಿಗೆ ಸರ್ಕಾರಿ ಶಾಲೆಯಲ್ಲಿ ಓದಲು ಆ 12 ತಿಂಗಳ ಮಿತಿ ಅನ್ವಯಿಸುವುದಿಲ್ಲ. ಆದರೆ ತಂದೆಯೋ ತಾಯಿಯೋ ಕೆಲಸ ಬದಲಿಸಿ ಬೇರೆ ರಾಜ್ಯಕ್ಕೆ ಹೋದಾಗ ಹೊಸ ಸಂಘದ ವರ್ಗಾವಣೆ ಅರ್ಜಿ ತುಂಬಲೇಬೇಕು. ಹಳೆಯ ಮನೆಯ ಕರಾರು ಮುಗಿದ ಪತ್ರವನ್ನು ಜೋಪಾನವಾಗಿಟ್ಟುಕೊಳ್ಳುವುದು ಅಂಥ ಕುಟುಂಬಗಳಿಗೆ ಉಪಯುಕ್ತ.

ಇಲ್ಲಿಂದ ಮಗುವನ್ನು ಅಲ್ಲಿಯ ಖಾಸಗಿ ಶಾಲೆಗೆ ಕಳಿಸಲು ಯೋಚಿಸುವವರು ಶುಲ್ಕ ನೆರವು ಎಷ್ಟು ವರ್ಷಕ್ಕೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು, ವೀಸಾ ಕೊಡಿಸುವ ಅಧಿಕಾರ ಶಾಲೆಗಿದೆಯೇ ಎಂದು ವಿಚಾರಿಸಬೇಕು, ಅಲ್ಲಿ ಕಲಿಸುವ ವಿಷಯಗಳಿಗೆ ಎನ್‌ಸಿಎಎ ಮಾನ್ಯತೆ ಇದೆಯೇ ಎಂದು ನೋಡಬೇಕು. ಕೊನೆಯದಕ್ಕೆ ಯಾವ ಏಜೆಂಟನ ಮಾತೂ ಬೇಕಿಲ್ಲ: ಎನ್‌ಸಿಎಎ ಅರ್ಹತಾ ಕೇಂದ್ರದ ಜಾಲತಾಣದಲ್ಲಿ ಶಾಲೆಯ ಹೆಸರು ಹಾಕಿದರೆ ಮಾನ್ಯ ವಿಷಯಗಳ ಪಟ್ಟಿ ಯಾರಿಗಾದರೂ ಉಚಿತವಾಗಿ ಸಿಗುತ್ತದೆ.